ಬಾಡಿಗೆ ಫ್ಲೋರ್ ಸ್ಯಾಂಡರ್: ಎಪಾಕ್ಸಿ ಹಾಕೋ ಮುಂಚೆ ಉಪಯೋಗಿಸಿ ನೋಡಿದ್ದು
ಸಿಮೆಂಟ್ ಸ್ಕ್ರೀಡ್ (ನೆಲ ಸಮ ಮಾಡೋಕೆ ಹಾಕೋ ಗಾರೆ ಪದರ) ಮೇಲೆ ಎಪಾಕ್ಸಿ ಅನ್ನೋ ಗಟ್ಟಿ ಕೋಟಿಂಗ್ ಹಾಕ್ಬೇಕಿತ್ತು, ಅದಕ್ಕೆ ಮುಂಚೆ ನೆಲ ಉಜ್ಜೋಕೆ ಅಂತ ಒಂದೇ ದೊಡ್ಡ ಡಿಸ್ಕ್ ತಿರುಗೋ ಸಿಂಗಲ್ ಡಿಸ್ಕ್ ಮೆಷಿನ್ ಒಂದು ದಿನಕ್ಕೆ ಬಾಡಿಗೆಗೆ ತಂದೆ. ಮೆಷಿನ್ ಚೆನ್ನಾಗಿದೆ, ತೂಕ ಇರೋದ್ರಿಂದ ನಾವು ಒತ್ತೋದೇ ಬೇಡ, ಸುಮ್ನೆ ಆಕಡೆ ಈಕಡೆ ನಡೆಸ್ಕೊಂಡು ಹೋದ್ರೆ ಸಾಕು. ಆದ್ರೆ ಜೊತೆಗೆ ಕೊಟ್ಟ 40 ಗ್ರಿಟ್ (ಅಂದ್ರೆ ಒರಟು) ಸ್ಯಾಂಡ್‌ಪೇಪರ್ ಮಾತ್ರ ಬೇಗ ಸವೆದು ನುಣ್ಣಗಾಗ್ಬಿಡ್ತು, ಕೊನೆಗೆ ಡೈಮಂಡ್ ಡಿಸ್ಕ್ ಹಾಕಿದ್ಮೇಲೇನೇ ಕೆಲಸ ಸಾಗಿದ್ದು.

ಸ್ಕ್ರೀಡ್ ಮೇಲೆ ಬಿಳಿ ಹಾಲಿನ ಕೆನೆ ತರ ಒಂದು ಪದರ ಇರತ್ತಲ್ಲ, ಉಗುರಲ್ಲಿ ಕೆರೆದ್ರೆ ಪುಡಿ ಬರತ್ತೆ, ಅದನ್ನ ಪೂರ್ತಿ ತೆಗೀಲೇಬೇಕು, ಇಲ್ಲಾಂದ್ರೆ ಕೋಟಿಂಗ್ ಆ ಪುಡಿಗೇ ಅಂಟ್ಕೊಂಡು ಅದರ ಸಮೇತ ಎದ್ದು ಬರತ್ತೆ. ಉಜ್ಜಿದ್ಮೇಲೆ ಒಂದು ಹನಿ ನೀರು ಹಾಕಿ ನೋಡಿ. ನಮ್ಮಲ್ಲಿ ಮಧ್ಯದಲ್ಲಿ ತಕ್ಷಣ ಹೀರ್ಕೊಂಡು ಕಪ್ಪಾಯ್ತು, ಬಾಗಿಲ ಹತ್ರ ಮಾತ್ರ ಮುತ್ತಿನ ತರ ಹಾಗೇ ನಿಂತಿತ್ತು, ಅಲ್ಲಿ ಇನ್ನೊಂದು ರೌಂಡ್ ಹೊಡೆದೆ.

ಗೋಡೆ ಅಂಚಿಗೆ ಈ ಮೆಷಿನ್ ಹೋಗಲ್ಲ, ಚಿಕ್ಕ ಆಂಗಲ್ ಗ್ರೈಂಡರ್ ಬೇಕೇಬೇಕು.

ಧೂಳಿನ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ, ಅದರಲ್ಲಿ ಸಿಲಿಕಾ ಇರತ್ತೆ, ಶ್ವಾಸಕೋಶ ಹಾಳಾಗತ್ತೆ. ತುಂಬಾ ಸಣ್ಣ ಧೂಳನ್ನೂ ಹಿಡಿಯೋ ಹೆಪಾ ಫಿಲ್ಟರ್ ಇರೋ ವ್ಯಾಕ್ಯೂಮ್ ಜೋಡಿಸಿ, ಒಳ್ಳೆ ಮಾಸ್ಕ್ ಹಾಕ್ಕೊಳ್ಳಿ, ಬಟ್ಟೆ ಕಟ್ಕೊಂಡ್ರೆ ಸಾಲಲ್ಲ. ಬಾಡಿಗೆ ಕೊಟ್ಟೋರು ಇದರ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ, ಅದು ನಂಗೆ ತುಂಬಾ ಬೇಜಾರಾಯ್ತು.

ಮೆಷಿನ್‌ಗೆ 5ಕ್ಕೆ 4, ಪೇಪರ್‌ಗೆ 1.