ಸಾಕ್ಷ್ಯ ಕಾನೂನಿನ ಒಂದು ಆನ್‌ಲೈನ್ ಕೋರ್ಸ್: ಉದ್ದೇಶಕ್ಕೆ ನ್ಯಾಯ, ವ್ಯಾಪ್ತಿಗೆ ಅವಸರ

ಕೋರ್ಟಿನ ವಿಚಾರಣೆಯಲ್ಲಿ ಸಾಕ್ಷ್ಯದ ನಿಯಮಗಳು ಏಕೆ ಇವೆ, ಎಲ್ಲಿಯವರೆಗೆ ಅನ್ವಯಿಸುತ್ತವೆ ಎಂಬುದನ್ನು ಹನ್ನೆರಡು ವಿಡಿಯೊ ಪಾಠಗಳಲ್ಲಿ ಕಲಿಸುವ ಕೋರ್ಸೊಂದನ್ನು ಇತ್ತೀಚೆಗೆ ಮುಗಿಸಿದೆ. ಪರೀಕ್ಷೆಗೆಂದು ಕಲಂಗಳನ್ನು ಬಾಯಿಪಾಠ ಮಾಡಿ, ಅವುಗಳ ಹಿಂದಿನ ಕಾರಣವನ್ನು ಎಂದೂ ಕೇಳಿಕೊಳ್ಳದ ನನ್ನಂಥವರಿಗೆ ಇದರ ಮೊದಲರ್ಧ ನಿಜಕ್ಕೂ ಉಪಯುಕ್ತ. ಉಳಿದರ್ಧದ ಬಗ್ಗೆ ಅದೇ ಮಾತು ಹೇಳಲಾರೆ.

ಪಾಠ ಶುರುವಾಗುವುದು 1603ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ನಡೆದ ಸರ್ ವಾಲ್ಟರ್ ರಾಲಿಯ ರಾಜದ್ರೋಹದ ವಿಚಾರಣೆಯಿಂದ. ಅದೇ ಸಂಚಿನ ಆರೋಪ ಹೊತ್ತಿದ್ದ ಲಾರ್ಡ್ ಕೋಬಮ್ ಕೊಟ್ಟಿದ್ದ ಲಿಖಿತ ಹೇಳಿಕೆಯೇ ಅಲ್ಲಿ ಮುಖ್ಯ ಪುರಾವೆ. ಕೋಬಮ್‌ನನ್ನು ತನ್ನೆದುರು ಕರೆತರಬೇಕೆಂದು ರಾಲಿ ಬೇಡಿಕೊಂಡರೂ ನ್ಯಾಯಾಧೀಶರು ಒಪ್ಪಲಿಲ್ಲ. ಕಾಗದಕ್ಕೆ ಪಾಟೀಸವಾಲು ಹಾಕಲು ಬರುವುದಿಲ್ಲ ಎಂಬ ಸರಳ ಸಂಗತಿಯನ್ನು ಅಧ್ಯಾಪಕರು ಇಲ್ಲಿಂದಲೇ ಬಿಡಿಸಿ ತೋರಿಸುತ್ತಾರೆ. ‘ಅವನು ಓಡಿದ್ದನ್ನು ನಾನು ನೋಡಿದೆ’ ಎನ್ನುವ ಸಾಕ್ಷಿಯನ್ನು ಎಷ್ಟು ದೂರದಿಂದ ನೋಡಿದಿರಿ, ಬೆಳಕಿತ್ತೇ, ಕನ್ನಡಕ ಹಾಕಿದ್ದಿರೇ, ಅವನೊಡನೆ ಹಳೆಯ ಜಗಳವಿತ್ತೇ ಎಂದು ಕೇಳಬಹುದು. ‘ಅವನು ಓಡಿದನೆಂದು ಪಕ್ಕದ ಮನೆಯವರು ಹೇಳಿದರು’ ಎನ್ನುವವರಿಗೆ ಇವುಗಳಲ್ಲಿ ಒಂದು ಪ್ರಶ್ನೆಯನ್ನೂ ಹಾಕಿ ಫಲವಿಲ್ಲ; ಇಂಥ ‘ಕೇಳಿದ ಮಾತಿನ ಸಾಕ್ಷ್ಯ’ವನ್ನು ಸಾಮಾನ್ಯವಾಗಿ ಹೊರಗಿಡುವುದು ಇದಕ್ಕೇ. ಆದರೆ ಪಕ್ಕದ ಮನೆಯವರು ಹಾಗೆ ಹೇಳಿದ್ದೇ ಮಾನಹಾನಿ ಎಂಬ ದಾವೆಯಾದರೆ ಅದೇ ಮಾತು ಕಿವಿಯಾರೆ ಕೇಳಿದ ನೇರ ಸಾಕ್ಷ್ಯವಾಗುತ್ತದೆ. ಒಂದು ಮಾತನ್ನು ಯಾವುದನ್ನು ರುಜುವಾತು ಮಾಡಲು ತರುತ್ತಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎನ್ನುವುದು ನನಗೆ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಹೊಳೆದಿರಲಿಲ್ಲ.

ಆರೋಪಿಯ ಹಳೆಯ ನಡತೆಯನ್ನು ಕುರಿತ ಪಾಠವೂ ಇಷ್ಟೇ ಸೊಗಸಾಗಿದೆ. ಹಿಂದಿನ ಕಳ್ಳತನವನ್ನು ಸಾಮಾನ್ಯವಾಗಿ ಹೊರಗಿಡುವುದು ಅದು ನಿರುಪಯುಕ್ತವೆಂದಲ್ಲ, ಕೇಳಿದವರು ಅದಕ್ಕೆ ಇರಬೇಕಾದುದಕ್ಕಿಂತ ಹೆಚ್ಚು ತೂಕ ಕೊಟ್ಟುಬಿಡುತ್ತಾರೆಂದು.

ಕೇಳಿದ ಮಾತನ್ನು ಹೊರಗಿಡುವ ನಿಯಮಕ್ಕೆ ಅಪವಾದವಾದ ಮರಣಕಾಲದ ಹೇಳಿಕೆಯ ಪಾಠದಲ್ಲಿ ಮಾತ್ರ ತೃಪ್ತಿಯಾಗಲಿಲ್ಲ. ಸಾಯುವವನು ಸುಳ್ಳು ಹೇಳುವುದಿಲ್ಲ ಎಂಬ ಹಳೆಯ ನಂಬಿಕೆಯನ್ನೇ ಏಕೈಕ ಕಾರಣವಾಗಿ ಕೊಟ್ಟು ಮುಂದೆ ಸಾಗುತ್ತಾರೆ (ಸೇಡು ಎನ್ನುವುದು ಕೊನೆಯುಸಿರಿನವರೆಗೂ ಉಳಿಯಬಲ್ಲದು ಎಂದು ನನಗನಿಸುತ್ತದೆ). ಆ ಸಾಕ್ಷಿ ಮತ್ತೆ ಸಿಗುವುದೇ ಇಲ್ಲ ಎಂಬ ಅನಿವಾರ್ಯತೆಯ ಕಾರಣವನ್ನು ಎತ್ತುವುದೇ ಇಲ್ಲ. ಅಮೆರಿಕದ ಫೆಡರಲ್ (ಕೇಂದ್ರ) ಕೋರ್ಟುಗಳ ಸಾಕ್ಷ್ಯ ನಿಯಮದಲ್ಲಿ ಹೇಳಿಕೆ ಕೊಟ್ಟವನಿಗೆ ಸಾವು ಹತ್ತಿರವಿದೆಯೆಂಬ ಅರಿವಿರಬೇಕು, ಭಾರತದ ಕಾನೂನಿನಲ್ಲಿ ಅದು ಬೇಕಿಲ್ಲ ಎಂಬ ವ್ಯತ್ಯಾಸವೂ ಬಿಟ್ಟುಹೋಗಿದೆ.

ನಿಯಮಗಳ ವ್ಯಾಪ್ತಿಗೆ ಸಿಕ್ಕಿರುವುದು ಕೊನೆಯ ಪಾಠದ ಹದಿನೈದು ನಿಮಿಷ. 1975ರಲ್ಲಿ ಜಾರಿಗೆ ಬಂದ ಅಮೆರಿಕದ ಫೆಡರಲ್ ನಿಯಮಗಳು ಜಾಮೀನಿನ ವಿಚಾರಣೆಗೂ ಶಿಕ್ಷೆಯ ಪ್ರಮಾಣ ನಿಗದಿಗೂ ಅನ್ವಯಿಸುವುದಿಲ್ಲವಾದರೂ, ವಕೀಲ ಮತ್ತು ಕಕ್ಷಿದಾರರ ನಡುವಿನ ಗೋಪ್ಯತೆಯಂಥ ರಕ್ಷಣೆಗಳು ಅಲ್ಲಿಯೂ ಉಳಿಯುತ್ತವೆ. ಭಾರತದ ಸಾಕ್ಷ್ಯ ಕಾಯ್ದೆಯು ತನ್ನ ಮೊದಲ ಕಲಂನಲ್ಲೇ ಅಫಿಡವಿಟ್‌ಗಳನ್ನೂ ಆರ್ಬಿಟ್ರೇಷನ್ (ಕೋರ್ಟಿನ ಹೊರಗಿನ ಮಧ್ಯಸ್ಥಿಕೆ) ಪ್ರಕ್ರಿಯೆಯನ್ನೂ ಹೊರಗಿಟ್ಟಿದೆ. ನಿಯಮಗಳು ಎಲ್ಲಿಯವರೆಗೆ ಎಂಬುದನ್ನೇ ಹೇಳುವ ಇಂಥ ಸಂಗತಿಗಳು ಕೋರ್ಸಿನಲ್ಲಿ ಒಂದೂ ಇಲ್ಲ. ಸಾಲದೆಂಬಂತೆ, 1872ರ ಕಾಯ್ದೆಯ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವು 2024ರ ಜುಲೈ 1ರಂದು ಜಾರಿಗೆ ಬಂದಿದ್ದರೂ, ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರಕ್ಕೆ ಸ್ಲೈಡ್‌ಗಳು ಇನ್ನೂ ಹಳೆಯ 65ಬಿ ಕಲಂ ಅನ್ನೇ ತೋರಿಸುತ್ತಿವೆ. ಈಗ ಅದು 63.

ಆದ್ದರಿಂದ ಮೊದಲ ಏಳು ಪಾಠಗಳನ್ನು ನಿಧಾನವಾಗಿ ನೋಡಿ, ವ್ಯಾಪ್ತಿಗೆ ಆಯಾ ಕಾಯ್ದೆಯನ್ನೇ ತೆರೆದು ಓದುವುದು ಒಳಿತು. ಕೋರ್ಸಿನ ಕೊನೆಯ ಕಿರುಪರೀಕ್ಷೆಯಲ್ಲಿ ‘ಕೇಳಿದ ಮಾತಿನ ಸಾಕ್ಷ್ಯ ಯಾವ ನ್ಯಾಯಿಕ ಪ್ರಕ್ರಿಯೆಯಲ್ಲೂ ನಡೆಯದು: ಸರಿಯೋ, ತಪ್ಪೋ’ ಎಂಬ ಪ್ರಶ್ನೆಯಿತ್ತು. ‘ತಪ್ಪು’ ಎಂದು ಗುರುತು ಹಾಕಿ ಒಂದು ಅಂಕ ಕಳೆದುಕೊಂಡೆ.