ವಿದ್ಯಾನಗರದ ಟ್ಯಾಕ್ಸ್ ಆಫೀಸು: ಕೆಲಸ ಚೊಕ್ಕ, ಕಾಯೋದು ಜಾಸ್ತಿ

ನವನಗರದ ನಮ್ಮ ಮನೆ ಬಾಡಿಗೆಗೆ ಕೊಟ್ಟು ಎರಡು ವರ್ಷ ಆಯ್ತು, ತಿಂಗಳಿಗೆ 12,000 ರೂಪಾಯಿ. ಹೋದ ವರ್ಷ ಇನ್ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಟ್ಟವರು ಬಂದ ಬಾಡಿಗೆಯನ್ನೆಲ್ಲ ಆದಾಯ ಅಂತ ತೋರಿಸಿ ಸುಮ್ನೆ ಟ್ಯಾಕ್ಸ್ ಕಟ್ಟಿಸಿದ್ದರು. ಅದಕ್ಕೇ ಈ ಸಲ ಹುಬ್ಬಳ್ಳಿ ವಿದ್ಯಾನಗರದಲ್ಲಿ ರಿಟರ್ನ್ ತುಂಬಿಕೊಡೋ ಒಂದು ಸಣ್ಣ ಖಾಸಗಿ ಆಫೀಸಿಗೆ ಹೋದೆ.

ಅಲ್ಲಿನ ಮೇಡಂ ಮೊದಲು ಕೇಳಿದ್ದೇ ಪಾಲಿಕೆಗೆ ಮನೆ ಕರ ಕಟ್ಟಿದ ರಸೀದಿ. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ಲೆಕ್ಕ ಬರೆದು ತೋರಿಸಿದರು: ವರ್ಷದ ಬಾಡಿಗೆ 1,44,000, ಕರ 4,000 ಕಳೆದರೆ 1,40,000, ಅದರಲ್ಲಿ ಶೇ. 30 ಅಂದರೆ 42,000 ಬಿಟ್ಟರೆ 98,000, ಅದರಲ್ಲೂ ಗೃಹಸಾಲದ ಬಡ್ಡಿ 90,000 ಹೋಗುತ್ತದೆ. ಕೊನೆಗೆ ಆದಾಯ ಅಂತ ಉಳಿದದ್ದು ಬರೀ 8,000! ನಾನು ಪೇಂಟಿಂಗ್, ನಳ ರಿಪೇರಿ ಬಿಲ್ಲುಗಳನ್ನೆಲ್ಲ ಚೀಲ ತುಂಬ ಒಯ್ದಿದ್ದೆ. ಆ ಶೇ. 30ರಲ್ಲೇ ಅದೆಲ್ಲ ಬಂತು, ಬೇರೆ ಸಿಗಲ್ಲ ಅಂದರು. ಸಾಲದ ಅಸಲನ್ನೂ ಬಾಡಿಗೆಯಲ್ಲಿ ಕಳೆಯೋಕಾಗಲ್ಲ.

ಬಡ್ಡಿಯೇ ಜಾಸ್ತಿಯಾಗಿ ನಷ್ಟ ಬಂದರೆ ಹಳೆ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು, ಹೊಸದರಲ್ಲಿ ಇಲ್ಲ. ಎರಡನೇ ಮನೆಗೆ ಸಾಲ ಮಾಡೋಕೆ ಹೊರಟಿದ್ದ ನಮ್ಮ ಭಾವನಿಗೂ ಇದನ್ನು ಫೋನಲ್ಲೇ ಬಿಡಿಸಿ ಹೇಳಿದರು, ಅದಕ್ಕೆ ದುಡ್ಡು ಕೇಳಲಿಲ್ಲ.

ಫೀಸು 1,500. ಆದರೆ ಜುಲೈನಲ್ಲಿ ಮಾತ್ರ ಹೋಗಬೇಡಿ. ಎರಡು ತಾಸು ಕಾದೆ, ಇರೋದೇ ಮೂರು ಕುರ್ಚಿ, ಗಾಡಿ ನಿಲ್ಲಿಸೋಕೂ ಜಾಗ ಇಲ್ಲ. ಕೆಳಗೆ ಗಿರ್ಮಿಟ್ ಅಂಗಡಿ ಇತ್ತು, ಬಚಾವಾದೆ.