ಆಯಿಲ್ ಸ್ಯಾಂಪಲ್ ಲ್ಯಾಬ್ ಟೆಸ್ಟ್: ಎಂಜಿನ್ ಆಯಿಲ್‌ಗೆ ಕೂಲೆಂಟ್ ಸೇರುತ್ತಿದೆಯಾ ಅಂತ ನೋಡಲು ಎಷ್ಟು ಉಪಯೋಗ?

ಡೀಸೆಲ್ ಲಾರಿಗೆ ಆಯಿಲ್ ಟೆಸ್ಟ್ ಬೇಕಾ, ಸುಮ್ನೆ ದುಡ್ಡು ದಂಡವಾ ಎಂದು ಕೇಳುವವರು ಬಹಳ. ನಾನು ಕೆಲವು ವರ್ಷಗಳಿಂದ ಆಯಿಲ್ ಬದಲಿಸುವಾಗಲೆಲ್ಲ ಸ್ಯಾಂಪಲ್ ಕಳಿಸುತ್ತಿದ್ದೇನೆ. ಲ್ಯಾಬ್‌ನ ಹೆಸರು ಬೇಡ, ಎಲ್ಲ ಕಡೆ ಪದ್ಧತಿ ಹೆಚ್ಚುಕಡಿಮೆ ಒಂದೇ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಆಯಿಲ್ ಒಳಗೆ ಸೇರುತ್ತಿದೆಯಾ ಎಂಬ ಪ್ರಶ್ನೆಗೆ ಇದಕ್ಕಿಂತ ಬೇಗ ಉತ್ತರ ಕೊಡುವುದು ನನಗೆ ಬೇರೆ ಸಿಕ್ಕಿಲ್ಲ. ಎಲ್ಲಿಂದ ಸೇರುತ್ತಿದೆ ಎಂಬುದನ್ನು ಮಾತ್ರ ಇದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಕಿಟ್ ಎಂದರೆ ಒಂದು ಚಿಕ್ಕ ಬಾಟಲಿ, ಲೇಬಲ್, ಒಂದು ಫಾರಂ, ಅಷ್ಟೇ. ಆಯಿಲ್ ಬಿಸಿಯಿದ್ದಾಗಲೇ ಸ್ಯಾಂಪಲ್ ತೆಗೆಯಬೇಕು. ಡ್ರೇನ್ ಬೋಲ್ಟ್ ಬಿಚ್ಚಿದ ತಕ್ಷಣ ಬರುವ ಆಯಿಲ್ ಬೇಡ, ಕೊನೆಯಲ್ಲಿ ತೊಟ್ಟಿಕ್ಕುವುದೂ ಬೇಡ, ಮಧ್ಯದ್ದು ಹಿಡಿಯಿರಿ. ಆಯಿಲ್ ಎಷ್ಟು ಓಡಿದೆ, ಮಧ್ಯೆ ಎಷ್ಟು ಟಾಪ್ ಅಪ್ ಮಾಡಿದ್ದೀರಿ ಎಂದು ಫಾರಂನಲ್ಲಿ ಬರೆಯಲೇಬೇಕು. ಹೊಸ ಆಯಿಲ್ ಸುರಿದಷ್ಟೂ ರಿಪೋರ್ಟ್‌ನಲ್ಲಿ ಬರುವ ಲೋಹ, ಲವಣಗಳ ಅಂಕಿಗಳು ತೆಳುವಾಗುತ್ತವೆ. ಅದನ್ನು ಬರೆಯದಿದ್ದರೆ ಲ್ಯಾಬ್‌ನವರಿಗೆ ಹೇಗೆ ಗೊತ್ತಾಗಬೇಕು?

ನನಗೆ ಇದರ ಬೆಲೆ ಗೊತ್ತಾಗಿದ್ದು ಕೂಲೆಂಟ್ ಮಟ್ಟ ಇಳಿಯಲು ಶುರುವಾದಾಗ. ಕೆಳಗೆ ಒಂದು ತೊಟ್ಟೂ ಇಲ್ಲ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್ ಸ್ಟಿಕ್, ತೆಗೆದರೆ ಆಯಿಲ್ ಕಪ್ಪಗೆ ಚೆನ್ನಾಗಿಯೇ ಇತ್ತು. ಹಾಲು ಬೆರೆತ ಹಾಗೆ ಕಂಡರೆ ಮಾತ್ರ ಕೂಲೆಂಟ್ ಸೇರಿದೆ ಎಂದು ತುಂಬಾ ಜನ ನಂಬುತ್ತಾರೆ. ಅದು ನಿಜವಲ್ಲ. ದೂರದ ಓಟದಲ್ಲಿ ಆಯಿಲ್ ಕುದಿಯುವ ನೀರಿನಷ್ಟೇ ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಸೋರಿದರೆ ನೀರು ಆವಿಯಾಗಿ ಹೋಗುತ್ತದೆ, ಕೂಲೆಂಟ್‌ನಲ್ಲಿ ನೀರಿನ ಜೊತೆ ಬೆರೆತಿರುವ ಗ್ಲೈಕಾಲ್ ಕೂಡ ಒಡೆದು ಬೇರೆ ರೂಪಕ್ಕೆ ತಿರುಗುತ್ತದೆ. ಕೂಲೆಂಟ್‌ನಲ್ಲಿ ತುಕ್ಕು ಹಿಡಿಯದಂತೆ ಹಾಕಿರುವ ಸೋಡಿಯಂ, ಪೊಟ್ಯಾಸಿಯಂ ಲವಣಗಳಿಗೆ ಮಾತ್ರ ಹೋಗಲು ದಾರಿಯಿಲ್ಲ, ಆಯಿಲ್‌ನಲ್ಲೇ ಉಳಿಯುತ್ತವೆ. ನನ್ನ ರಿಪೋರ್ಟ್‌ನಲ್ಲಿ ಒಂದಂಕಿಯಲ್ಲಿದ್ದ ಸೋಡಿಯಂ ಎರಡಂಕಿಗೆ ಹಾರಿತ್ತು, ಜೊತೆಗೆ ಪೊಟ್ಯಾಸಿಯಂ ಕೂಡ. ಗ್ಲೈಕಾಲ್ ಕಾಲಂನಲ್ಲಿ ಮಾತ್ರ ‘ನೆಗೆಟಿವ್’. ಅದೊಂದನ್ನೇ ನೋಡಿ ನೆಮ್ಮದಿಯಾಗಿದ್ದರೆ ಕೆಲಸ ಕೆಡುತ್ತಿತ್ತು. ಹಾಗಾಗಿ ನಾನು ಮೊದಲು ನೋಡುವುದು ಸೋಡಿಯಂ, ಪೊಟ್ಯಾಸಿಯಂ ಜೋಡಿಯನ್ನು. ಆಮೇಲೆ ಬೇರಿಂಗ್, ಕೂಲರ್‌ಗಳಿಂದ ಬರುವ ತಾಮ್ರ, ಸೀಸ. ಗ್ಲೈಕಾಲ್ ಕೊನೆಗೆ.

ಮೆಕ್ಯಾನಿಕ್ ರಿಪೋರ್ಟ್ ನೋಡಿದವನೇ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಸೀಲ್) ಹೋಗಿದೆ ಅಂದುಬಿಟ್ಟ. ಹೆಡ್ ಇಳಿಸುವುದು ಚಿಕ್ಕ ಕೆಲಸವಲ್ಲ ಅಲ್ವಾ? ಅದಕ್ಕೂ ಮುಂಚೆ ರೇಡಿಯೇಟರ್‌ಗೆ ಕೈಪಂಪ್ ಹಾಕಿ, ಕೂಲೆಂಟ್‌ಗೆ ಒತ್ತಡ ಕೊಟ್ಟು ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಮಾಡೋಣ ಎಂದೆ. ರೇಡಿಯೇಟರ್ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ, ಸಾಮಾನ್ಯವಾಗಿ 1 ಬಾರ್ ಆಸುಪಾಸು. ಅದಕ್ಕಿಂತ ಜಾಸ್ತಿ ಏರಿಸಬಾರದು, ಇಲ್ಲದಿದ್ದರೆ ಗಟ್ಟಿಯಿದ್ದ ಹೋಸ್ ಪೈಪೂ ಬಿಟ್ಟುಕೊಳ್ಳುತ್ತದೆ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಡ್ರೇನ್ ಬೋಲ್ಟ್ ಸ್ವಲ್ಪವೇ ಸಡಿಲಿಸಿದೆವು. ಕೂಲೆಂಟ್ ಆಯಿಲ್‌ಗಿಂತ ಭಾರ, ಚೇಂಬರ್ (ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಬಟ್ಟಲು) ತಳದಲ್ಲಿ ಕೂತಿರುತ್ತದೆ. ಆಯಿಲ್‌ಗೆ ಮುಂಚೆ ಬಣ್ಣದ ನೀರು ಬಂತು.

ಇನ್ನು ದಾರಿ ಹುಡುಕುವ ಕೆಲಸ. ಅನುಮಾನ ಪಡಬೇಕಾದವು ನಾಲ್ಕೈದಿವೆ: ಕೂಲೆಂಟ್‌ನಿಂದ ಆಯಿಲ್ ತಣಿಸುವ ಆಯಿಲ್ ಕೂಲರ್, ವೆಟ್ ಲೈನರ್‌ನ (ಹೊರಗೆ ಕೂಲೆಂಟ್ ತಾಗುವ ಸಿಲಿಂಡರ್ ಕೊಳವೆಯ) ರಬ್ಬರ್ ಓ-ರಿಂಗ್, ಹೆಡ್ ಗ್ಯಾಸ್ಕೆಟ್, ಬಿರುಕು ಬಿಟ್ಟ ಹೆಡ್, ಮತ್ತೆ ಏರ್ ಕಂಪ್ರೆಸರ್. ಆಯಿಲ್ ಕೂಲರ್‌ನದ್ದು ಒಂದು ವಿಚಿತ್ರ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಕೂಲೆಂಟ್‌ಗಿಂತ ಬಹಳ ಮೇಲಿರುತ್ತದೆ, ಆದ್ದರಿಂದ ಆಯಿಲ್ಲೇ ಕೂಲೆಂಟ್ ಕಡೆ ನುಗ್ಗುತ್ತದೆ. ಎಂಜಿನ್ ಆಫ್ ಮಾಡಿದರೆ ಆಯಿಲ್ ಒತ್ತಡ ಸೊನ್ನೆ, ಬಿಸಿ ಕೂಲೆಂಟ್‌ನಲ್ಲಿ ಒತ್ತಡ ಇನ್ನೂ ಇರುತ್ತದೆ, ಈಗ ಹರಿವು ತಿರುಗುತ್ತದೆ. ಅದಕ್ಕೇ ಕೂಲರ್ ಹೋಗಿದ್ದರೆ ರೇಡಿಯೇಟರ್ ಟ್ಯಾಂಕಿನಲ್ಲೂ ಎಣ್ಣೆಜಿಡ್ಡು ಕಾಣುತ್ತದೆ. ನಮ್ಮಲ್ಲಿ ಟ್ಯಾಂಕ್ ಶುದ್ಧವಾಗಿತ್ತು. ಚೇಂಬರ್ ಬಿಚ್ಚಿ, ಒತ್ತಡ ಕೊಟ್ಟು, ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಲೈನರ್‌ಗಳ ಬುಡವೂ ಒಣಗಿತ್ತು.

ಸಿಕ್ಕಿಬಿದ್ದದ್ದು ಏರ್ ಕಂಪ್ರೆಸರ್. ಲಾರಿಯ ಬ್ರೇಕ್‌ಗೆ ಗಾಳಿ ತುಂಬುವ ಈ ಕಂಪ್ರೆಸರ್‌ನ ಹೆಡ್‌ಗೆ ಸಾಮಾನ್ಯವಾಗಿ ಎಂಜಿನ್ ಕೂಲೆಂಟ್ಟೇ ಹೋಗುತ್ತದೆ, ಒಳಗೆ ಓಡಾಡುವುದು ಎಂಜಿನ್ ಆಯಿಲ್ಲೇ. ಅದರ ಗ್ಯಾಸ್ಕೆಟ್ ಬಿಟ್ಟರೆ ಕೂಲೆಂಟ್ ನೇರ ಚೇಂಬರ್‌ಗೆ. ಏರ್ ಟ್ಯಾಂಕ್ ಡ್ರೇನ್ ಮಾಡಿದಾಗ ಬಂದ ನೀರಿನಲ್ಲೂ ಕೂಲೆಂಟ್ ಬಣ್ಣ ಇತ್ತು. ಕಂಪ್ರೆಸರ್‌ಗೆ ಹೋಗುವ ಕೂಲೆಂಟ್ ಪೈಪ್‌ಗಳನ್ನು ಬೇರ್ಪಡಿಸಿ ಮತ್ತೆ ಪಂಪ್ ಮಾಡಿದರೆ ಗೇಜ್ ಮುಳ್ಳು ಅಲ್ಲಾಡಲಿಲ್ಲ. ಹೆಡ್ ಮುಟ್ಟದೆ ಕೆಲಸ ಮುಗಿಯಿತು. ಒಂದು ಮಾತು: ಬಿಸಿಯಾದಾಗ ಮಾತ್ರ ಬಾಯಿಬಿಡುವ ಬಿರುಕುಗಳೂ ಇರುತ್ತವೆ. ತಣ್ಣಗಿರುವಾಗ ಟೆಸ್ಟ್ ಪಾಸಾಯಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ.

ಈಗ ದೂರುಗಳು. ರಿಪೋರ್ಟ್ ಕೆಳಗೆ ಬರುವ ಷರಾ ಓದಿ ನನಗೆ ಸಿಟ್ಟು ಬಂದಿದ್ದಿದೆ. ಇನ್ನೊಂದು ಹೊಸ ಲಾರಿಯ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ ಜಾಸ್ತಿ ಬಂತು, ಕೂಡಲೇ ‘ಕೂಲೆಂಟ್ ಸೋರಿಕೆ ಶಂಕೆ’ ಎಂದು ಬರೆದು ಕಳಿಸಿದರು. ಸೋಡಿಯಂ ಇಲ್ಲ, ಜೊತೆಗೆ ಏರಿದ್ದು ಅಲ್ಯೂಮಿನಿಯಂ. ಟರ್ಬೋ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನ ಬೆಸುಗೆಗೆ ಬಳಸುವ ಫ್ಲಕ್ಸ್‌ನಲ್ಲಿ ಈ ಎರಡೂ ಇರುತ್ತವೆ, ಹೊಸದರಲ್ಲಿ ತೊಳೆದು ಬರುತ್ತವೆ. ಮುಂದಿನ ಆಯಿಲ್‌ಗಳಲ್ಲಿ ತಾನಾಗಿಯೇ ಇಳಿಯಿತು. ತಾಮ್ರವೂ ಹೀಗೇ, ಹೊಸ ಆಯಿಲ್ ಕೂಲರ್‌ನಿಂದ ಕರಗಿ ಬಂದು ಗಾಬರಿ ಹುಟ್ಟಿಸುತ್ತದೆ. ಕೆಲವು ಕೂಲೆಂಟ್‌ಗಳಲ್ಲಿರುವ ಬೋರಾನ್, ಮಾಲಿಬ್ಡಿನಂ ಕೆಲವು ಆಯಿಲ್‌ಗಳಲ್ಲೂ ಬೆರೆತಿರುತ್ತವೆ. ಸೋಡಿಯಂ ಇರುವ ಆಯಿಲ್‌ಗಳೂ ಇವೆ. ಅದಕ್ಕೆ ಡಬ್ಬಿಯಿಂದ ತೆಗೆದ ಹೊಸ ಆಯಿಲ್‌ನ ಸ್ಯಾಂಪಲ್ ಒಂದನ್ನು ಕಳಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ಹೋಲಿಸಲು ಹಳೆಯ ರಿಪೋರ್ಟ್‌ಗಳಿಲ್ಲದಿದ್ದರೆ ಒಂದೇ ಒಂದು ರಿಪೋರ್ಟ್‌ನಿಂದ ಅಷ್ಟೇನೂ ತಿಳಿಯುವುದಿಲ್ಲ.

ಮನೆಯಲ್ಲೇ ನೋಡುವ ವಿಧಾನವೂ ಇದೆ. ಸುಮಾರು 160 ಡಿಗ್ರಿಗೆ ಕಾದ ತಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿಟ್ಟರೆ, ನೀರಿದ್ದರೆ ಚಟಪಟ ಎನ್ನುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ನೀರು ಆಗಲೇ ಆವಿಯಾಗಿದ್ದರೆ ಇದರಿಂದ ಏನೂ ತಿಳಿಯುವುದಿಲ್ಲ. ಇನ್ನು ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆ ಕಂಡ ಮಾತ್ರಕ್ಕೆ ಹೆದರಬೇಡಿ. ಚಳಿಯಲ್ಲಿ ಚಿಕ್ಕ ಚಿಕ್ಕ ಓಟ ಇದ್ದರೆ ಬರೀ ಹಬೆಯಿಂದಲೂ ಅದು ಬರುತ್ತದೆ.

ಡಿಪ್ ಸ್ಟಿಕ್‌ನಲ್ಲಿ ಮಟ್ಟವೇ ಏರುತ್ತಿದ್ದರೆ, ಆಯಿಲ್ ಬೂದುಬಣ್ಣಕ್ಕೆ ತಿರುಗಿದ್ದರೆ ಲ್ಯಾಬ್‌ಗೆ ಕಳಿಸಿ ಕಾಯಬೇಡಿ, ಗಾಡಿ ನಿಲ್ಲಿಸಿ. ಗ್ಲೈಕಾಲ್ ಆಯಿಲ್ ಜೊತೆ ಸೇರಿ ಆಮ್ಲವಾಗುತ್ತದೆ, ಆಯಿಲ್ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ, ಬೇರಿಂಗ್ ಹೋಗುತ್ತದೆ. ರಿಪೋರ್ಟ್‌ನಲ್ಲಿ ಸೀಸ ಏರಿದೆ ಎಂದರೆ ಬೇರಿಂಗ್ ಸವೆಯಲು ಆಗಲೇ ಶುರುವಾಗಿರಬಹುದು.

ರಿಪೇರಿ ಆದಮೇಲೂ ಒಂದು ಸ್ಯಾಂಪಲ್ ಕಳಿಸಿ. ಹಳೆಯ ಆಯಿಲ್ ಪೂರ್ತಿ ಹೊರಗೆ ಬರುವುದಿಲ್ಲ, ಅದರಲ್ಲಿ ಉಳಿದ ಸೋಡಿಯಂ ಮೊದಲ ರಿಪೋರ್ಟ್‌ನಲ್ಲಿ ಕಾಣುತ್ತದೆ. ಅದಕ್ಕೆ ರಿಪೇರಿ ನಂತರದ ಆಯಿಲ್ ಅನ್ನು ಬೇಗ ಬದಲಿಸಿ, ಆಮೇಲಿನ ಸ್ಯಾಂಪಲ್ ನೋಡಿ ತೀರ್ಮಾನಿಸಿ. ಅದರಲ್ಲೂ ಇಳಿಯದಿದ್ದರೆ ಸೋರಿಕೆ ಇನ್ನೊಂದು ಕಡೆಯೂ ಇರಬಹುದು, ಪ್ರೆಶರ್ ಟೆಸ್ಟ್‌ನ ಕೈಪಂಪ್ ಮತ್ತೆ ಹೊರಗೆ ತೆಗೆಯಿರಿ.